ಮೊದಲು ಯಾರ ಸರದಿ

ಯುನಿಕ್ಸ್ ಅಥವಾ ಲಿನಕ್ಸ್ ಕಂಪ್ಯೂಟರಿನಲ್ಲಿ ಬಿ.ಸಿ. ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಹೆಚ್ಚೇನೂ ಕಾಣಿಸುವುದಿಲ್ಲ. ಬಟನ್ ಇಲ್ಲ, ಚಿತ್ರವಿಲ್ಲ, ಮೆನು ಇಲ್ಲ. ಲೆಕ್ಕ ಬರೆದು ಎಂಟರ್ ಒತ್ತಿದರೆ ಕೆಳಗಿನ ಸಾಲಿನಲ್ಲಿ ಉತ್ತರ ಬರುತ್ತದೆ, ಅಷ್ಟೆ. 2+3*4 ಎಂದರೆ 14. 2^100 ಎಂದರೆ 1267650600228229401496703205376, ಒಂದು ಅಂಕಿಯನ್ನೂ ಬಿಡದೆ. -3^2 ಎಂದರೆ 9. 0-3^2 ಎಂದರೆ -9.

ಕೊನೆಯ ಈ ಎರಡು ಉತ್ತರಗಳನ್ನು ನಾನು ಅನೇಕರಿಗೆ ತೋರಿಸಿದ್ದೇನೆ. ಕೆಲವರು ಪ್ರೋಗ್ರಾಮ್ ಕೆಟ್ಟಿದೆ ಎಂದರು, ಕೆಲವರು ಗಣಿತದ ನಿಯಮವೇ ಹಾಗೆ ಎಂದು ವಾದಿಸಿದರು. ಎರಡೂ ನಿಜವಲ್ಲ. ಒಂದು ಸಾಲಿನಲ್ಲಿ ಹಲವು ಚಿಹ್ನೆಗಳಿದ್ದಾಗ ಯಾವುದರ ಕೆಲಸ ಮೊದಲು ಆಗಬೇಕು ಎಂಬುದನ್ನು ಯಾರೋ ಕೂತು ತೀರ್ಮಾನಿಸಿರುತ್ತಾರೆ. ಆ ತೀರ್ಮಾನಕ್ಕೆ ಕಾರಣವಿರುತ್ತದೆ, ಕಾಲವಿರುತ್ತದೆ, ಕೆಲವೊಮ್ಮೆ ಹೆಸರೂ ಇರುತ್ತದೆ. ಇದು ನನಗೆ ಒಂದೇ ದಿನ ತಿಳಿದದ್ದಲ್ಲ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಇದರ ಮೊದಲ ಪಾಠವಾಯಿತು, ಬೆಂಗಳೂರಿನ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಎರಡನೆಯದು.

ಅಪ್ಪ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಕ್ಯಾಲ್ಕುಲೇಟರ್ ಬರುವ ಮುಂಚೆ ಅವರು ಬಾಯಲ್ಲೇ ಲೆಕ್ಕ ಮಾಡಿ ಪಟ್ಟಿ ಬರೆಯುತ್ತಿದ್ದರು. ಬಂದ ಮೇಲೂ ಬಾಯಿಲೆಕ್ಕದಲ್ಲಿ ಒಂದು ಸಲ ತಾಳೆ ನೋಡದೆ ಪಟ್ಟಿ ಹರಿದು ಕೊಟ್ಟವರಲ್ಲ. ರೈತರು ತಂದ ಚೀಲಗಳನ್ನು ತೂಗಿ, ಒಟ್ಟು ತೂಕದಲ್ಲಿ ಖಾಲಿ ಚೀಲದ ತೂಕ ಕಳೆದು, ಉಳಿದದ್ದನ್ನು ದರದಿಂದ ಗುಣಿಸಬೇಕು. ಆಮೇಲೆ ಹಮಾಲಿ, ತೂಕದ ಕೂಲಿ ಇತ್ಯಾದಿ ಮುರಿದುಕೊಳ್ಳಬೇಕು. ಲೆಕ್ಕ ಸುಲಭವಾಗಲಿ ಎಂದು ತೂಕ 312 ಕಿಲೋ, ಚೀಲಗಳದ್ದು 12 ಕಿಲೋ, ಕಿಲೋಗೆ 40 ರೂಪಾಯಿ ಎಂದುಕೊಳ್ಳಿ. ಅಪ್ಪ ಕ್ಯಾಲ್ಕುಲೇಟರಿನಲ್ಲಿ ಒತ್ತುತ್ತಿದ್ದುದು ಇದೇ ಸಾಲಿನಲ್ಲಿ: 312, ಮೈನಸ್, 12, ಇಂಟು, 40, ಈಕ್ವಲ್ ಟು. ಉತ್ತರ 12000. ರೈತನಿಗೆ ಸಲ್ಲಬೇಕಾದ ಸರಿಯಾದ ಹಣ.

ಶಾಲೆಯಲ್ಲಿ ನಮಗೆ ಆಗಷ್ಟೇ ಬೋಡ್ಮಾಸ್ ಕಲಿಸಿದ್ದರು. ಬ್ರಾಕೆಟ್ ಮೊದಲು, ಆಮೇಲೆ ಭಾಗಾಕಾರ ಗುಣಾಕಾರ, ಕೊನೆಗೆ ಕೂಡುವುದು ಕಳೆಯುವುದು. ಆ ನಿಯಮದಂತೆ 312-12×40 ಎಂದರೆ ಮೊದಲು 480, ಆಮೇಲೆ 312ರಲ್ಲಿ 480 ಕಳೆದು ಮೈನಸ್ 168. ನಾನು ಪಾಟಿಯ ಮೇಲೆ ಬರೆದು ತೋರಿಸಿದೆ. ಅಪ್ಪ ನೋಡಿದರು. "ನಿಮ್ಮ ಮೇಷ್ಟ್ರು ಹೇಳಿದ್ದೂ ಸರಿನೇ ಮಗಾ. ಇಲ್ಲಿ ಬಟನ್ ಒತ್ತಿದ ತಕ್ಷಣ ಹಿಂದಿನ ಲೆಕ್ಕ ಮುಗಿದುಹೋಗುತ್ತೆ. ಇಂಟು ಒತ್ತಿದಾಗ ಪರದೆ ನೋಡು, ಆಗಲೇ ಮುನ್ನೂರು ಅಂತ ಬಂದಿರುತ್ತೆ" ಎಂದರು.

ನೋಡಿದೆ. ಬಂದಿತ್ತು. ಅಂಗಡಿಯ ಕ್ಯಾಲ್ಕುಲೇಟರಿಗೆ ಮುಂದೆ ಏನು ಬರಲಿದೆ ಎಂದು ಕಾಯುವ ತಾಳ್ಮೆ ಇಲ್ಲ, ಕಾಯಲು ಜಾಗವೂ ಇಲ್ಲ. ಕೈಯಲ್ಲಿರುವ ಎರಡು ಸಂಖ್ಯೆಗೆ ಕೈಯಲ್ಲಿರುವ ಒಂದು ಚಿಹ್ನೆ ಹಚ್ಚಿ ಮುಗಿಸಿಬಿಡುತ್ತದೆ. ಅದರಲ್ಲಿ 2+3×4 ಎಂದರೆ 20. ಮಂಡಿಯ ಲೆಕ್ಕಕ್ಕೆ ಅದೇ ಬೇಕು. ಕಳೆಯುವುದು ಮೊದಲು, ಗುಣಿಸುವುದು ಆಮೇಲೆ ಎಂಬುದು ಅಲ್ಲಿನ ಕೆಲಸದ ಸಹಜ ಕ್ರಮ. ಹಲವು ಗುಣಾಕಾರಗಳನ್ನು ಕೂಡಬೇಕಾದಾಗ, ಅಂದರೆ ಒಬ್ಬನೇ ರೈತ ಎರಡು ಮೂರು ದರ್ಜೆಯ ಕೊಬ್ಬರಿ ತಂದಾಗ, ಅಪ್ಪ ಎಂ ಪ್ಲಸ್ ಬಟನ್ ಬಳಸುತ್ತಿದ್ದರು. ಒಂದು ದರ್ಜೆಯ ಲೆಕ್ಕ ಮುಗಿದಾಗ ಎಂ ಪ್ಲಸ್, ಇನ್ನೊಂದರದು ಮುಗಿದಾಗ ಮತ್ತೆ ಎಂ ಪ್ಲಸ್, ಕೊನೆಗೆ ಎಂ.ಆರ್. ಪುಸ್ತಕದ ಗಣಿತ ಬ್ರಾಕೆಟ್ ಹಾಕುವ ಕಡೆ ಮಂಡಿಯ ಗುಮಾಸ್ತರು ಎಂ ಪ್ಲಸ್ ಒತ್ತುತ್ತಾರೆ. ಈಗಲೂ ಯಾವುದಾದರೂ ಅಂಗಡಿಯಲ್ಲಿ ಆ ಬಟನ್ನಿನ ಮೇಲಿನ ಅಕ್ಷರ ಸವೆದಿದ್ದನ್ನು ನೋಡಿದರೆ ಅಲ್ಲಿ ಲೆಕ್ಕ ಬಲ್ಲವರು ಯಾರೋ ಇದ್ದಾರೆ ಎಂದುಕೊಳ್ಳುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬ್ಯಾಂಕುಗಳು ಶಾಖೆಗಳಿಗೆ ಕಂಪ್ಯೂಟರ್ ತರುತ್ತಿದ್ದವು. ಯುನಿಕ್ಸ್ ನಡೆಸುವ ಒಂದು ಯಂತ್ರ, ಅದಕ್ಕೆ ತಂತಿ ಕಟ್ಟಿದ ಹಲವು ಟರ್ಮಿನಲ್‌ಗಳು. ನಾನು ಸೇರಿದ ವಿಭಾಗದಲ್ಲಿ ಬೇರೆ ಬೇರೆ ಶಾಖೆಗಳಿಂದ ಬಂದ ಲೆಕ್ಕವನ್ನು ತಾಳೆ ನೋಡುವ ಕೆಲಸವಿತ್ತು. ಅಲ್ಲಿ ನನಗೆ ಮೇಲಿನವರಾಗಿದ್ದ ಹಿರಿಯರು ಕಂಪ್ಯೂಟರ್ ಓದಿದವರಲ್ಲ. ಶಾಖೆಯ ಲೆಡ್ಜರುಗಳಲ್ಲಿ ಬಹುಕಾಲ ಕೈಯಿಂದ ಬಡ್ಡಿ ಹಾಕಿ ಬಂದವರು. ಯಾರೋ ಬಿ.ಸಿ.ಯನ್ನು ತೋರಿಸಿಕೊಟ್ಟಿದ್ದರು, ಅವರು ಅದನ್ನು ಬಿಡಲೇ ಇಲ್ಲ. ಮೇಜಿನ ಮೇಲೆ ಕ್ಯಾಲ್ಕುಲೇಟರ್ ಇದ್ದರೂ ಟರ್ಮಿನಲ್ಲಿನಲ್ಲೇ ಲೆಕ್ಕ ಮಾಡುತ್ತಿದ್ದರು. "ಇದರಲ್ಲಿ ಬರೆದದ್ದು ಉಳಿಯುತ್ತೆ ನೋಡಮ್ಮ, ನಾಳೆ ಆಡಿಟರ್ ಕೇಳಿದರೆ ತೋರಿಸಬಹುದು" ಎನ್ನುತ್ತಿದ್ದರು. ಬಿ.ಸಿ.ಯಲ್ಲಿ ಮೌಲ್ಯಕ್ಕೆ ಹೆಸರು ಕೊಡಬಹುದು, ಷರತ್ತು ಹಾಕಬಹುದು, ಒಂದೇ ಲೆಕ್ಕವನ್ನು ಸಾಲುಸಾಲಾಗಿ ಮಾಡಿಸಬಹುದು, ಸ್ವಂತ ಫಂಕ್ಷನ್ ಬರೆದು ಫೈಲಿನಲ್ಲಿ ಇಡಬಹುದು. ಅವರು ಬಡ್ಡಿಗೆಂದೇ ಅಂಥ ಒಂದು ಫೈಲ್ ಬರೆದಿಟ್ಟಿದ್ದರು.

ಬಿ.ಸಿ.ಯಲ್ಲಿ ಸ್ಕೇಲ್ ಎಂಬುದೊಂದಿದೆ. ಭಾಗಾಕಾರದ ಉತ್ತರದಲ್ಲಿ ದಶಮಾಂಶದ ಆಚೆ ಎಷ್ಟು ಅಂಕಿ ಇರಬೇಕು ಎಂದು ಅದು ಹೇಳುತ್ತದೆ. ಏನೂ ಹೇಳದಿದ್ದರೆ ಸ್ಕೇಲ್ ಸೊನ್ನೆ, ಆಗ 7/2 ಎಂದರೆ 3. ಸ್ಕೇಲ್ 2 ಎಂದಿಟ್ಟರೆ 2/3 ಎಂದರೆ .66, ಹತ್ತಿರದ ಅಂಕಿಗೆ ಏರಿಸುವುದಿಲ್ಲ, ಕತ್ತರಿಸುತ್ತದೆ. ರೂಪಾಯಿ ಪೈಸೆಯ ಲೆಕ್ಕಕ್ಕೆ ಸ್ಕೇಲ್ 2 ಸಾಕಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲೇ ಚಿಹ್ನೆಗಳ ಸರದಿ ಜೀವನದ ಪ್ರಶ್ನೆಯಾಗುವುದು.

25000 ರೂಪಾಯಿ, ಶೇಕಡಾ 11ರ ಬಡ್ಡಿ, 73 ದಿನ. 73 ದಿನವೆಂದರೆ ಸರಿಯಾಗಿ ವರ್ಷದ ಐದನೇ ಒಂದು ಭಾಗ, ಹಾಗಾಗಿ ಬಡ್ಡಿ 550 ರೂಪಾಯಿ ಎಂದು ಬಾಯಲ್ಲೇ ಹೇಳಬಹುದು. ಸ್ಕೇಲ್ 2 ಇಟ್ಟು ಬಿ.ಸಿ.ಗೆ 11/100*73/365*25000 ಎಂದು ಕೊಡಿ. ಗುಣಾಕಾರಕ್ಕೂ ಭಾಗಾಕಾರಕ್ಕೂ ಒಂದೇ ದರ್ಜೆ, ಆದ್ದರಿಂದ ಲೆಕ್ಕ ಎಡದಿಂದ ಬಲಕ್ಕೆ ನಡೆಯುತ್ತದೆ. 11/100 ಎಂದರೆ .11. ಅದನ್ನು 73ರಿಂದ ಗುಣಿಸಿದರೆ 8.03. ಅದನ್ನು 365ರಿಂದ ಭಾಗಿಸಿದರೆ .022, ಸ್ಕೇಲ್ 2 ಇರುವುದರಿಂದ .02. ಅದನ್ನು 25000ದಿಂದ ಗುಣಿಸಿದರೆ 500.00. ಐವತ್ತು ರೂಪಾಯಿ ಮಧ್ಯದಲ್ಲೆಲ್ಲೋ ಕರಗಿಹೋಯಿತು. ಅದೇ ಸಂಖ್ಯೆಗಳನ್ನು 25000*11*73/36500 ಎಂದು ಬರೆದರೆ 550.00.

ಈ ಎರಡನೆಯ ಸಾಲು ಕಂಪ್ಯೂಟರಿನಿಂದ ಬಂದದ್ದಲ್ಲ. ಕೈಲೆಕ್ಕದ ಕಾಲದಿಂದ ಬ್ಯಾಂಕಿನವರು ಬಡ್ಡಿ ಹಾಕುವ ದಾರಿಯೇ ಅದು. ಬಾಕಿಯನ್ನು ದಿನಗಳಿಂದ ಗುಣಿಸಿ ಬಂದದ್ದಕ್ಕೆ ಅವರು ಪ್ರಾಡಕ್ಟ್ ಎನ್ನುತ್ತಾರೆ. ಎಲ್ಲ ಪ್ರಾಡಕ್ಟುಗಳನ್ನೂ ಕೂಡಿ, ದರದಿಂದ ಗುಣಿಸಿ, ಕಟ್ಟಕಡೆಗೆ ಒಂದೇ ಸಲ 36500ರಿಂದ ಭಾಗಿಸುತ್ತಾರೆ. ನಮ್ಮ ಹಿರಿಯರು ಬಿ.ಸಿ.ಗಾಗಿ ಹೊಸದೇನೂ ಕಲಿಯಬೇಕಾಗಲಿಲ್ಲ. ಭಾಗಾಕಾರವೆಂದರೆ ಏನಾದರೂ ಕಳೆದುಹೋಗುವ ಜಾಗ, ಅದನ್ನು ಆದಷ್ಟು ಕೊನೆಗೆ ತಳ್ಳಬೇಕು ಎಂದು ಲೆಡ್ಜರ್ ಅವರಿಗೆ ಕಲಿಸಿತ್ತು. ಪದವಿಯಲ್ಲಿ ನ್ಯೂಮರಿಕಲ್ ಅನಾಲಿಸಿಸ್ ಓದಿ ಬಂದಿದ್ದ ನನಗೆ ಆ ವಿಷಯದ ತಿರುಳು ಅವರ ಒಂದು ಸಾಲಿನಲ್ಲಿ ಕಂಡಿತು.

ಪೈಸೆಯನ್ನು ಹತ್ತಿರಕ್ಕೆ ತರುವುದಕ್ಕೂ ಅವರ ಫೈಲಿನಲ್ಲಿ ಒಂದು ಉಪಾಯವಿತ್ತು. ಬಡ್ಡಿಯನ್ನು ನಾಲ್ಕು ಅಂಕಿಯವರೆಗೆ ಲೆಕ್ಕ ಹಾಕಿ, ಸ್ಕೇಲ್ 2 ಮಾಡಿ, (547.6778+.005)/1 ಎಂಬಂತೆ ಬರೆಯುವುದು. ಒಂದರಿಂದ ಭಾಗಿಸಿದರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ. ಕೂಡುವಾಗ ಬಿ.ಸಿ. ಸ್ಕೇಲನ್ನು ಲೆಕ್ಕಿಸುವುದಿಲ್ಲ, ಇದ್ದ ಅಂಕಿಗಳೆಲ್ಲ ಹಾಗೇ ಉಳಿಯುತ್ತವೆ. ಭಾಗಿಸುವಾಗ ಕತ್ತರಿ ಬೀಳುತ್ತದೆ. ಹಾಗಾಗಿ ಕತ್ತರಿಸಬೇಕೆಂದರೆ ಒಂದರಿಂದ ಭಾಗಿಸಬೇಕು. ಅರ್ಧ ಪೈಸೆ ಸೇರಿಸಿ ಕತ್ತರಿಸಿದರೆ 547.68. ಆ ಬ್ರಾಕೆಟ್ ತೆಗೆದುಬಿಟ್ಟರೆ? ಭಾಗಾಕಾರದ ಸರದಿ ಮೊದಲು ಬಂದು .005/1 ಎಂಬುದು ಸೊನ್ನೆಯಾಗಿ, 547.6778 ಇದ್ದಂತೆಯೇ ಹೊರಬರುತ್ತದೆ. ತಪ್ಪು ಎಂಬ ಸಂದೇಶ ಎಲ್ಲೂ ಬರುವುದಿಲ್ಲ.

ಇಂಥದ್ದನ್ನು ಯಾರು ಯೋಚಿಸಿ ಮಾಡಿದರು ಎಂದು ತಿಳಿಯುವ ಆಸೆ ನನಗೆ ಹುಟ್ಟಿದ್ದು ಆಗಲೇ.

ಅಮೆರಿಕದ ನ್ಯೂ ಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟಿದಾಗ ಅದರ ಜೊತೆಗೆ ಹುಟ್ಟಿದ ಅತಿ ಹಳೆಯ ಪ್ರೋಗ್ರಾಮುಗಳಲ್ಲಿ ಡಿ.ಸಿ. ಒಂದು. ಡೆಸ್ಕ್ ಕ್ಯಾಲ್ಕುಲೇಟರ್ ಎಂಬುದರ ಮೊದಲಕ್ಷರಗಳು. ಬರೆದವರು ರಾಬರ್ಟ್ ಮಾರಿಸ್ ಮತ್ತು ಲೊರಿಂಡಾ ಚೆರಿ. 1970ರಲ್ಲಿ ಅಲ್ಲಿಗೆ ಪಿಡಿಪಿ-11 ಯಂತ್ರ ಬಂದಾಗ ಡಿಸ್ಕ್ ಇನ್ನೂ ಬಂದಿರಲಿಲ್ಲ, ಆಪರೇಟಿಂಗ್ ಸಿಸ್ಟಮ್ ಕೂಡ ಇರಲಿಲ್ಲ. ಆಗ ಅದರ ಮೇಲೆ ಪರೀಕ್ಷಿಸಿ ನೋಡಿದ ಮೊದಲ ಗಣನೀಯ ಪ್ರೋಗ್ರಾಮ್ ಡಿ.ಸಿ. ಎಂದು ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಡೆನಿಸ್ ರಿಚಿ ಬರೆದಿದ್ದಾರೆ. ಆಪರೇಟಿಂಗ್ ಸಿಸ್ಟಮ್ಮಿಗೂ ಮುಂಚೆ ಕ್ಯಾಲ್ಕುಲೇಟರ್!

ಡಿ.ಸಿ.ಯಲ್ಲಿ ಸರದಿಯ ತಕರಾರೇ ಇಲ್ಲ. ಅಲ್ಲಿ ಚಿಹ್ನೆ ಸಂಖ್ಯೆಗಳ ಹಿಂದೆ ಬರುತ್ತದೆ: 2 3 4 * + ಎಂದರೆ ಮೂರು ನಾಲ್ಕಲಿ ಹನ್ನೆರಡು, ಅದಕ್ಕೆ ಎರಡು ಕೂಡಿ ಹದಿನಾಲ್ಕು. ಬ್ರಾಕೆಟ್ ಬೇಡ, ದರ್ಜೆ ಬೇಡ. ಬರೆದ ಕ್ರಮವೇ ಮಾಡುವ ಕ್ರಮ. 1972ರಲ್ಲಿ ಬಂದ ಎಚ್‌ಪಿ-35 ಎಂಬ ಜೇಬಿನ ಕ್ಯಾಲ್ಕುಲೇಟರಿನಲ್ಲೂ ಇದೇ ಪದ್ಧತಿ, ಅದನ್ನು ಕಲಿತ ಇಂಜಿನಿಯರುಗಳು ಬೇರೆಯದನ್ನು ಮುಟ್ಟಲು ಒಪ್ಪುತ್ತಿರಲಿಲ್ಲ. ಆದರೆ ಶಾಲೆಯಲ್ಲಿ ಬೀಜಗಣಿತ ಕಲಿತ ಕಣ್ಣಿಗೆ ಅದು ಓದಲು ಕಷ್ಟ. ಅದಕ್ಕಾಗಿ ಅದೇ ಇಬ್ಬರು ಡಿ.ಸಿ.ಯ ಮುಂದೆ ಇನ್ನೊಂದು ಭಾಷೆಯನ್ನು ನಿಲ್ಲಿಸಿದರು. 1975ರಲ್ಲಿ ಯುನಿಕ್ಸ್‌ನ ಆರನೇ ಆವೃತ್ತಿಯಲ್ಲಿ ಬಂದ ಬಿ.ಸಿ. ಅದು. ನಾವು ರೂಢಿಯಂತೆ ಬರೆದದ್ದನ್ನು ಬಿ.ಸಿ. ಡಿ.ಸಿ.ಗೆ ತಿಳಿಯುವ ಕ್ರಮಕ್ಕೆ ತಿರುಗಿಸಿ ಕೊಡುತ್ತಿತ್ತು, ಲೆಕ್ಕ ಮಾಡುತ್ತಿದ್ದುದು ಡಿ.ಸಿ.

ಈ ತಿರುಗಿಸುವ ಕೆಲಸದಲ್ಲೇ ಚಿಹ್ನೆಗಳ ದರ್ಜೆ ಹುಟ್ಟುವುದು. ನೆದರ್ಲೆಂಡ್ಸ್‌ನ ಎಡ್ಸ್‌ಖರ್ ಡೈಕ್‌ಸ್ಟ್ರಾ 1960ರ ಸುಮಾರಿಗೆ ಆಲ್ಗಾಲ್ ಭಾಷೆಯ ಕಂಪೈಲರ್ ಕಟ್ಟುವಾಗ ಇದಕ್ಕೊಂದು ಚೊಕ್ಕ ದಾರಿ ಕಂಡುಕೊಂಡರು. ರೈಲ್ವೆ ಯಾರ್ಡಿನಲ್ಲಿ ಬೋಗಿಗಳನ್ನು ಪಕ್ಕದ ಹಳಿಗೆ ಸರಿಸಿ ಕ್ರಮ ಬದಲಿಸುವುದನ್ನು ಅವರು ಮಾದರಿಯಾಗಿ ಇಟ್ಟುಕೊಂಡಿದ್ದರು. ಸಂಖ್ಯೆ ಬಂದರೆ ನೇರವಾಗಿ ಮುಂದೆ ಹೋಗುತ್ತದೆ. ಚಿಹ್ನೆ ಬಂದರೆ ಪಕ್ಕದ ಹಳಿಯಲ್ಲಿ ನಿಲ್ಲುತ್ತದೆ. ಹೊಸ ಚಿಹ್ನೆ ಬಂದಾಗ, ಆಗಲೇ ನಿಂತಿರುವ ಚಿಹ್ನೆಯ ದರ್ಜೆ ಮೇಲಿನದಾದರೆ ಅದು ಮೊದಲು ಹೊರಡುತ್ತದೆ, ಕೆಳಗಿನದಾದರೆ ಕಾಯುತ್ತದೆ. ಎರಡೂ ಒಂದೇ ದರ್ಜೆಯವಾದರೆ? ಕೂಡು, ಕಳೆ, ಗುಣಿಸು, ಭಾಗಿಸು ಇವುಗಳಲ್ಲಿ ಮೊದಲು ಬಂದು ನಿಂತದ್ದು ಮೊದಲು ಹೊರಡುತ್ತದೆ. ಘಾತದಲ್ಲಿ ಮಾತ್ರ ಕೊನೆಗೆ ಬಂದದ್ದಕ್ಕೆ ದಾರಿ. ಅದಕ್ಕೇ ಬಿ.ಸಿ.ಯಲ್ಲಿ 2^3^2 ಎಂದರೆ 2ರ 9ನೇ ಘಾತ, 512. ಎಕ್ಸೆಲ್‌ನಲ್ಲಿ ಅದೇ ಸಾಲು ಎಡದಿಂದ ನಡೆದು 64 ಕೊಡುತ್ತದೆ. ಗಣಿತದವರು ಕಾಗದದ ಮೇಲೆ ಬರೆಯುವ ರೀತಿಗೆ ಬಿ.ಸಿ.ಯದೇ ಹತ್ತಿರ, ನನಗೆ ಇಷ್ಟವಾಗುವುದೂ ಅದೇ.

ಬಿ.ಸಿ.ಯನ್ನು ಕಟ್ಟಲು ಚೆರಿ ಮತ್ತು ಮಾರಿಸ್ ಬಳಸಿದ್ದು ಅದೇ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಮಾಡಿದ ಯಾಕ್ ಎಂಬ ಸಾಧನವನ್ನು. ಅದರಲ್ಲಿ ದರ್ಜೆ ಹೇಳುವ ರೀತಿ ತುಂಬ ಸರಳ: ಒಂದೊಂದು ಸಾಲಿನಲ್ಲಿ ಒಂದೊಂದು ಗುಂಪಿನ ಚಿಹ್ನೆಗಳು, ಕೆಳಗೆ ಬರೆದದ್ದಕ್ಕೆ ಹೆಚ್ಚಿನ ದರ್ಜೆ. ನಾಲ್ಕೈದು ಸಾಲಿನಲ್ಲಿ ಒಂದು ಭಾಷೆಯ ಸ್ವಭಾವವೇ ನಿಶ್ಚಯವಾಗಿಬಿಡುತ್ತದೆ. ಲೊರಿಂಡಾ ಚೆರಿಯವರ ಬಗ್ಗೆ ನನಗೆ ವಿಶೇಷ ಗೌರವ. ಬ್ರಯನ್ ಕರ್ನಿಹನ್ ಜೊತೆ ಸೇರಿ ಗಣಿತದ ಸೂತ್ರಗಳನ್ನು ಅಚ್ಚಿಗೆ ಜೋಡಿಸುವ ಈಕ್ಯೂಎನ್ ಭಾಷೆಯನ್ನೂ ಅವರು ಮಾಡಿದ್ದರು. ಅಲ್ಲಿಯೂ ಇದೇ ಪ್ರಶ್ನೆ: ವರ್ಗಮೂಲದ ಚಿಹ್ನೆ ಎಲ್ಲಿಯವರೆಗೆ ಚಾಚಬೇಕು, ಭಿನ್ನರಾಶಿಯ ಗೆರೆ ಯಾವುದನ್ನೆಲ್ಲ ಒಳಗೊಳ್ಳಬೇಕು. ಮಾರಿಸ್ ಯುನಿಕ್ಸ್ ಪಾಸ್‌ವರ್ಡುಗಳನ್ನು ಗುಪ್ತವಾಗಿಡುವ ವಿಧಾನದಿಂದ ಹೆಸರಾದರು. ಅವರು 2011ರಲ್ಲಿ ತೀರಿಕೊಂಡರು, ಚೆರಿ 2022ರಲ್ಲಿ.

ಈಗ -3^2 ವಿಷಯಕ್ಕೆ ಬರುತ್ತೇನೆ. ಬ್ಯಾಂಕು ಬಿಟ್ಟ ಮೇಲೆ ತುಮಕೂರಿನಲ್ಲಿ ಸಂಜೆಯ ಹೊತ್ತು ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ಒಬ್ಬ ಹುಡುಗಿ ಎಕ್ಸೆಲ್ ಹಾಳೆಯಲ್ಲಿ =-3^2 ಬರೆದು, 9 ಬಂದದ್ದನ್ನು ನೋಡಿ ಕೈ ಎತ್ತಿದಳು. "ಮೇಡಂ, ಕಾಲೇಜಲ್ಲಿ ಮ್ಯಾಥ್ಸ್ ಸಾರ್ ಇದಕ್ಕೆ ಮೈನಸ್ ಒಂಬತ್ತು ಅಂತಾರೆ." ಅವರು ಹೇಳಿದ್ದು ಸರಿ. ಬೀಜಗಣಿತದ ರೂಢಿಯಲ್ಲಿ ಮೊದಲು ಮೂರರ ವರ್ಗ, ಆಮೇಲೆ ಅದರ ಮುಂದೆ ಮೈನಸ್. ಪೈಥಾನ್ ಭಾಷೆಯೂ ಹಾಗೇ ಮಾಡುತ್ತದೆ. ಎಕ್ಸೆಲ್‌ನ ಒಳಗೇ ಇರುವ ವಿಬಿಎ ಭಾಷೆಯಲ್ಲಿ ಬರೆದರೆ ಅದೂ -9 ಎನ್ನುತ್ತದೆ. ಹಾಳೆಯ ಚೌಕದಲ್ಲಿ 9, ಅದೇ ಹಾಳೆಯ ಹಿಂದಿನ ಪ್ರೋಗ್ರಾಮಿನಲ್ಲಿ -9. ಆ ಹುಡುಗಿಗೆ ನಾನು ಬಿ.ಸಿ.ಯನ್ನೂ ತೆರೆದು ತೋರಿಸಿದೆ, ಅದು ಎಕ್ಸೆಲ್ ಪರ.

ಪ್ರಶ್ನೆ ನಿಜವಾಗಿ ಇರುವುದು ಇಲ್ಲಿ: ಮೂರರ ಮುಂದಿನ ಆ ಗೆರೆ ಸಂಖ್ಯೆಯ ಭಾಗವೋ, ಮಾಡಬೇಕಾದ ಒಂದು ಕೆಲಸವೋ? ಸಂಖ್ಯೆಯ ಭಾಗವಾದರೆ -3 ಎಂಬುದು ಒಂದು ಅಖಂಡ ವಸ್ತು, ಅದರ ವರ್ಗ 9. ಕೆಲಸವಾದರೆ ಮೊದಲು ವರ್ಗ ಮಾಡಿ ಆಮೇಲೆ ಚಿಹ್ನೆ ಬದಲಿಸಬೇಕು. ಡಿ.ಸಿ.ಯಲ್ಲಿ ಈ ಗೊಂದಲವೇ ಇಲ್ಲ. ಅಲ್ಲಿ ಗೆರೆ ಎಂದರೆ ಕಳೆಯುವುದು ಮಾತ್ರ, ಋಣ ಮೂರನ್ನು _3 ಎಂದು ಅಡಿಗೆರೆ ಹಾಕಿ ಬರೆಯಬೇಕು. ಎ.ಪಿ.ಎಲ್. ಭಾಷೆ ಮಾಡಿದ ಕೆನೆತ್ ಐವರ್ಸನ್ ಕೂಡ ಋಣ ಸಂಖ್ಯೆಗೆ ಮೇಲ್ಭಾಗದಲ್ಲಿ ಬರುವ ಬೇರೆಯೇ ಗೆರೆ ಕೊಟ್ಟರು. ನಮ್ಮ ಹಳೆಯ ಗಣಿತದವರೂ ಇದನ್ನು ಬೇರೆಯಾಗಿಯೇ ಇಟ್ಟಿದ್ದರು. 628ರಲ್ಲಿ ಬ್ರಹ್ಮಗುಪ್ತ ಋಣ ಸಂಖ್ಯೆಗಳನ್ನು ಕೂಡುವ, ಗುಣಿಸುವ ನಿಯಮಗಳನ್ನು ಹೇಳಿದಾಗ ಋಣವೆಂಬುದು ಸಂಖ್ಯೆಯ ಗುಣವಾಗಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ಋಣದ ವರ್ಗ ಧನವೇ ಎಂದೂ, ಋಣಕ್ಕೆ ವರ್ಗಮೂಲವಿಲ್ಲ ಎಂದೂ ಹೇಳಿದರು. ಮುಂದೆ ಭಾಸ್ಕರಾಚಾರ್ಯರು ಋಣ ಸಂಖ್ಯೆಯ ನೆತ್ತಿಯ ಮೇಲೊಂದು ಚುಕ್ಕಿ ಇಡುತ್ತಿದ್ದರು. ಚುಕ್ಕಿ ಸಂಖ್ಯೆಗೇ ಅಂಟಿರುವಾಗ ಸರದಿಯ ಜಗಳ ಎಲ್ಲಿಂದ ಬರಬೇಕು? ಎರಡು ಬೇರೆ ಕೆಲಸಕ್ಕೆ ಒಂದೇ ಗೆರೆ ಬಳಸಿದ್ದರಿಂದ ಈ ತೊಡಕು ಬಂದಿದೆ, ಒಂದೇ ಗೆರೆ ಸಾಕಾಗುತ್ತದೆ ಎಂಬ ಅನುಕೂಲಕ್ಕೆ ಎಲ್ಲರೂ ತೆರುತ್ತಿರುವ ಬೆಲೆ ಇದು.

ಮೊದಲ ಬಿ.ಸಿ.ಯಲ್ಲಿ ಆ ಬೆಲೆ ಇನ್ನೂ ಹೆಚ್ಚಾಗಿತ್ತು. ಆಗ ಒಂದು ಹೆಸರಿನಲ್ಲಿರುವ ಮೌಲ್ಯದಿಂದ ಏನಾದರೂ ಕಳೆಯಲು ಈಗಿನಂತೆ -= ಎಂದಲ್ಲ, =- ಎಂದು ಬರೆಯುತ್ತಿದ್ದರು. ಹೀಗಾಗಿ ಎಕ್ಸ್=-ವೈ ಎಂದರೆ ಎಕ್ಸ್‌ನಲ್ಲಿ ವೈ ಕಳೆ ಎಂದರ್ಥ. ಎಕ್ಸ್= -ವೈ ಎಂದು ನಡುವೆ ಜಾಗ ಬಿಟ್ಟರೆ ಎಕ್ಸ್‌ಗೆ ಋಣ ವೈ ಕೊಡು ಎಂದರ್ಥ. ಒಂದು ಖಾಲಿ ಜಾಗ ಲೆಕ್ಕವನ್ನೇ ಬದಲಿಸುತ್ತಿತ್ತು. ಚೆರಿ ಮತ್ತು ಮಾರಿಸ್ ತಮ್ಮ ಕೈಪಿಡಿಯಲ್ಲಿ ಇದನ್ನು ಮುಚ್ಚಿಡಲಿಲ್ಲ, ಎಚ್ಚರಿಕೆ ಎಂದೇ ಬರೆದರು. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ.

ನನ್ನ ಮನಸ್ಸನ್ನು ಹೆಚ್ಚು ಕಾಲ ಹಿಡಿದದ್ದು ಇನ್ನೊಂದು ಸಾಲು: ಎ = 3 < 5. ಸಿ ಭಾಷೆ ಬಲ್ಲವರು ಇದನ್ನು ಓದಿದರೆ, ಮೂರು ಐದಕ್ಕಿಂತ ಚಿಕ್ಕದೇ ಎಂದು ಮೊದಲು ನೋಡಿ, ಹೌದಾದ್ದರಿಂದ ಎ ಗೆ 1 ಕೊಡುತ್ತದೆ ಎನ್ನುತ್ತಾರೆ. ಬಿ.ಸಿ. ಹಾಗೆ ಮಾಡುವುದಿಲ್ಲ. ಎ ಗೆ 3 ಕೊಟ್ಟು, ಆಮೇಲೆ ಆ ಮೂರನ್ನು ಐದರೊಂದಿಗೆ ಹೋಲಿಸುತ್ತದೆ. ಅಂದರೆ ಕೊಡುವ ಚಿಹ್ನೆಗೆ ಹೋಲಿಸುವ ಚಿಹ್ನೆಗಿಂತ ಮೇಲಿನ ದರ್ಜೆ. ಇಲ್ಲ ಎನ್ನುವ ಆಶ್ಚರ್ಯ ಚಿಹ್ನೆಯೂ ಇಲ್ಲಿ ಹೋಲಿಕೆಗಿಂತ ಕೆಳಗೆ, ಸಿ ಭಾಷೆಯಲ್ಲಿ ಮೇಲೆ.

ಕಾರಣ ಹಳೆಯದು. ಮೊದಲ ಬಿ.ಸಿ.ಯಲ್ಲಿ ಹೋಲಿಕೆ ಎಲ್ಲೆಂದರಲ್ಲಿ ಬರುವ ಹಾಗಿರಲಿಲ್ಲ. ಷರತ್ತಿನೊಳಗೆ ಅಥವಾ ಮರಳಿ ಮರಳಿ ಮಾಡುವ ಸಾಲಿನ ತಲೆಯಲ್ಲಿ ಮಾತ್ರ ಅದಕ್ಕೆ ಜಾಗ. ಅಲ್ಲಿ ಒಂದು ಲೆಕ್ಕ ಎಡಗಡೆ, ಒಂದು ಲೆಕ್ಕ ಬಲಗಡೆ, ನಡುವೆ ಹೋಲಿಕೆ. ಎಡಗಡೆಯ ಲೆಕ್ಕದಲ್ಲಿ ಯಾರಾದರೂ ಹೆಸರಿಗೆ ಮೌಲ್ಯ ಕೊಟ್ಟರೆ ಅದು ಹೋಲಿಕೆಗೆ ಮುಂಚೆಯೇ ಆಗಬೇಕಾದದ್ದು ನ್ಯಾಯ. ತೊಂಬತ್ತರ ದಶಕದ ಆರಂಭದಲ್ಲಿ ಪೋಸಿಕ್ಸ್ ಎಂಬ ಮಾನದಂಡ ಅದನ್ನೇ ನಿಯಮವಾಗಿ ಬರೆಯಿತು. ಫಿಲಿಪ್ ನೆಲ್ಸನ್ 1991ರಲ್ಲಿ ಗ್ನೂ ಯೋಜನೆಗಾಗಿ ಹೊಸದಾಗಿ ಬಿ.ಸಿ. ಬರೆದಾಗ ಹೋಲಿಕೆಗೆ ಎಲ್ಲ ಕಡೆಯೂ ಜಾಗ ಕೊಟ್ಟರು. ಆಗ ಅವರ ಎದುರಿಗೆ ಎರಡು ದಾರಿ ಇದ್ದವು: ಸಿ ಬಲ್ಲವರಿಗೆ ಒಗ್ಗುವ ದರ್ಜೆ ಇಡುವುದು, ಇಲ್ಲವೇ ಹಿಂದೆ ಬರೆದ ಬಿ.ಸಿ. ಪ್ರೋಗ್ರಾಮುಗಳು ಹಿಂದಿನಂತೆಯೇ ನಡೆಯಲಿ ಎಂದು ಹಳೆಯ ದರ್ಜೆ ಉಳಿಸುವುದು. ಅವರು ಎರಡನೆಯದನ್ನು ಆರಿಸಿ, ಕೈಪಿಡಿಯಲ್ಲಿ ಕಾರಣವನ್ನೂ ಬರೆದು, ಹೊಸಬರು ಬ್ರಾಕೆಟ್ ಹಾಕಿಕೊಳ್ಳುವುದು ಒಳ್ಳೆಯದು ಎಂದರು.

ಸಿ ಭಾಷೆಯಲ್ಲೂ ಇಂಥದೇ ಒಂದು ಗಾಯದ ಗುರುತಿದೆ. ಬಿಟ್‌ಗಳನ್ನು ಜೋಡಿಸುವ & ಚಿಹ್ನೆಗೆ ಅಲ್ಲಿ == ಗಿಂತ ಕೆಳಗಿನ ದರ್ಜೆ, ಅದರಿಂದ ಇಂದಿಗೂ ಎಷ್ಟೋ ಜನ ಎಡವುತ್ತಾರೆ. ಮೊದಲು ಅಲ್ಲಿ && ಎಂಬ ಷರತ್ತು ಜೋಡಿಸುವ ಚಿಹ್ನೆ ಇರಲಿಲ್ಲ, ಎರಡೂ ಕೆಲಸಕ್ಕೂ ಒಂದೇ &. ಅದನ್ನು ಎರಡಾಗಿ ಒಡೆದಾಗ & ಅನ್ನು ಮೇಲಕ್ಕೆ ಸರಿಸಬಹುದಿತ್ತು, ಆದರೆ ಆಗಲೇ ಬರೆದಿಟ್ಟಿದ್ದ ಪ್ರೋಗ್ರಾಮುಗಳ ಅರ್ಥ ಕೆಡಬಾರದೆಂದು ಇದ್ದಲ್ಲೇ ಬಿಟ್ಟೆವು ಎಂದು ರಿಚಿ 1993ರಲ್ಲಿ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ. ಸರಿಸಿದ್ದರೆ ಚೆನ್ನಾಗಿತ್ತು ಎಂದೂ ಒಪ್ಪಿಕೊಂಡಿದ್ದಾರೆ. ಪೈಥಾನ್ ಆ ದರ್ಜೆಯನ್ನು ತಿದ್ದಿಕೊಂಡಿತು. ಹೊಸ ಭಾಷೆಗೆ ಅದು ಸುಲಭ, ಹಿಂದೆ ಬರೆದವರು ಯಾರೂ ಇರುವುದಿಲ್ಲ.

ಚಿಕ್ಕ ವಯಸ್ಸಿನಲ್ಲಿ ನನಗೆ ಹೀಗೆ ಹಳೆಯ ದರ್ಜೆ ಉಳಿಸುವುದು ಸೋಮಾರಿತನವಾಗಿ ಕಂಡಿತ್ತು. ಗಣಿತಕ್ಕೆ ಹತ್ತಿರವಾದುದನ್ನು ಬಿಟ್ಟು ರೂಢಿಗೆ ಶರಣಾಗುವುದೇಕೆ? ಆಮೇಲೆ ಲಿನಕ್ಸ್ ಬಂತು, ಬ್ಯಾಂಕಿನ ಆ ಹಳೆಯ ಯಂತ್ರಗಳು ಗುಜರಿಗೆ ಹೋದವು. ನಮ್ಮ ಹಿರಿಯರು ನಿವೃತ್ತರಾಗುವ ಮುಂಚೆ ತಮ್ಮ ಬಡ್ಡಿಯ ಫೈಲನ್ನು ಫ್ಲಾಪಿಯಲ್ಲಿ ಹಾಕಿ ನನಗೆ ಕೊಟ್ಟಿದ್ದರು. ಅದರಲ್ಲಿ ಹೆಸರುಗಳೆಲ್ಲ ಒಂದೊಂದೇ ಅಕ್ಷರ, ಹಳೆಯ ಬಿ.ಸಿ.ಯಲ್ಲಿ ಅಷ್ಟಕ್ಕೇ ಅವಕಾಶ. ಒಂದು ಷರತ್ತಿನೊಳಗೇ ಹೆಸರಿಗೆ ಮೌಲ್ಯ ಕೊಟ್ಟು, ಬ್ರಾಕೆಟ್ ಇಲ್ಲದೆ, ಅಲ್ಲೇ ಹೋಲಿಸಿದ್ದರು. ಅಂಥ ಸಾಲನ್ನು ಸಿ ಭಾಷೆಯ ದರ್ಜೆಯಲ್ಲಿ ಓದಿದರೆ ಬಡ್ಡಿಯ ಬದಲು 0 ಅಥವಾ 1 ಕೂತಿರುತ್ತಿತ್ತು. ಗ್ನೂ ಬಿ.ಸಿ.ಗೆ ಕೊಟ್ಟೆ. ಹಳೆಯ ಪ್ರಿಂಟೌಟಿನ ಜೊತೆ ತಾಳೆ ಹಾಕಿದೆ, ಪೈಸೆಗೆ ಪೈಸೆ ಕೂಡಿತು. ಅವರು ಫಿಲಿಪ್ ನೆಲ್ಸನ್ ಹೆಸರು ಕೇಳಿದವರಲ್ಲ, ನೆಲ್ಸನ್‌ಗೆ ಇವರು ಇದ್ದಾರೆಂದೂ ಗೊತ್ತಿಲ್ಲ. ಆದರೂ ಕೊಟ್ಟ ಮಾತನ್ನು ಉಳಿಸಿಕೊಂಡಂತೆ ಆ ಸಾಲು ನಡೆಯಿತು. ಚಿಹ್ನೆಗಳ ದರ್ಜೆಯೆಂದರೆ ಆಗಲೇ ಬರೆದವರಿಗೆ ಕೊಟ್ಟ ಮಾತು ಎಂದು ನನಗೆ ಅನಿಸಿದ್ದು ಅಂದು. ಹೊಸದನ್ನು ಕಟ್ಟುವವರು ಅದನ್ನು ಮುರಿಯುವ ಮುಂಚೆ, ಎಲ್ಲೋ ಒಂದು ಶಾಖೆಯಲ್ಲಿ ಯಾರದೋ ಬಡ್ಡಿ ಅದರ ಮೇಲೆ ನಿಂತಿರಬಹುದೆಂದು ಯೋಚಿಸಬೇಕು ಎಂದೇ ಈಗಲೂ ವಾದಿಸುತ್ತೇನೆ.

ಹಾಗೆಂದು ಬಿ.ಸಿ. ಓದುಗರನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲವೇ ಎಂದರೆ, ಸಿಕ್ಕಿಸುತ್ತದೆ. ಗಣಿತದ ಲೈಬ್ರರಿಯೊಂದಿಗೆ ತೆರೆದರೆ ಸ್ಕೇಲ್ 20 ಆಗಿರುತ್ತದೆ. ಆಗ 10%3 ಎಂದು ಶೇಷ ಕೇಳಿದರೆ 1 ಬರುವುದಿಲ್ಲ, ದಶಮಾಂಶದ ಇಪ್ಪತ್ತನೆಯ ಸ್ಥಾನದಲ್ಲಿ ಒಂದು 1 ಇರುವ ಅತಿ ಚಿಕ್ಕ ಸಂಖ್ಯೆ ಬರುತ್ತದೆ. ಭಾಗಾಕಾರವನ್ನು ಇಪ್ಪತ್ತು ಅಂಕಿಯವರೆಗೆ ಮಾಡಿ, ಅದಾದ ಮೇಲೆ ಉಳಿದದ್ದೇ ಶೇಷ ಎಂಬುದು ಅದರ ನಿಯಮ. ಅದೇ ಲೈಬ್ರರಿಯಲ್ಲಿ ಪೈ ಬೆಲೆ ಪಡೆಯಲು 4*ಎ(1) ಎಂದರೆ 3.14159265358979323844 ಎನ್ನುತ್ತದೆ, ಕೊನೆಯ ಎರಡು ಅಂಕಿ 46 ಆಗಬೇಕಿತ್ತು. ಕತ್ತರಿಸಿದ್ದನ್ನು ನಾಲ್ಕರಿಂದ ಗುಣಿಸಿದಾಗ ಕತ್ತರಿಸಿದ ಕೊರತೆಯೂ ನಾಲ್ಕರಷ್ಟಾಗುತ್ತದೆ. ನಮ್ಮ ಹಿರಿಯರಿಗೆ ತೋರಿಸಿದ್ದರೆ ಒಂದು ನಿಮಿಷದಲ್ಲಿ ಕಾರಣ ಹೇಳುತ್ತಿದ್ದರು.

ಸಂಜೆಯ ಪಾಠದಲ್ಲಿ ನಾನು ತಪ್ಪದೆ ಹೇಳಿಕೊಡುತ್ತಿದ್ದ ಇನ್ನೊಂದಿದೆ. ಐಬೇಸ್ ಎಂಬುದನ್ನು 16 ಎಂದಿಟ್ಟರೆ ನಾವು ಕೊಡುವ ಸಂಖ್ಯೆಗಳನ್ನೆಲ್ಲ ಬಿ.ಸಿ. ಹದಿನಾರರ ಪದ್ಧತಿಯಲ್ಲಿ ಓದುತ್ತದೆ. ಮತ್ತೆ ಹತ್ತರ ಪದ್ಧತಿಗೆ ಮರಳಲು ಐಬೇಸ್=10 ಎಂದು ಬರೆದರೆ ಏನೂ ಬದಲಾಗುವುದಿಲ್ಲ, ಏಕೆಂದರೆ ಆ 10 ಕೂಡ ಆಗ ಹದಿನಾರು ಎಂದೇ ಓದಿಸಿಕೊಳ್ಳುತ್ತದೆ. ಮಕ್ಕಳು ಮತ್ತೆ ಮತ್ತೆ ಬರೆದು ನೋಡುತ್ತಿದ್ದರು. ಚೆರಿ ಮತ್ತು ಮಾರಿಸ್ ಇದನ್ನು ಮೊದಲೇ ಕಂಡಿದ್ದರು, ಕೈಪಿಡಿಯಲ್ಲಿ ದಾರಿಯನ್ನೂ ಬರೆದಿಟ್ಟಿದ್ದರು. ಯಾವ ಪದ್ಧತಿಯಲ್ಲಿದ್ದರೂ ಎ ಎಂಬ ಒಂಟಿ ದೊಡ್ಡಕ್ಷರದ ಬೆಲೆ ಹತ್ತೇ. ಹಾಗಾಗಿ ಐಬೇಸ್=ಎ ಎಂದು ಬರೆಯಬೇಕು.